ವಿಮಲಾ ಮಹಡಿಗೆ ಹೋದ ಮೇಲೆ

ಪಕ್ಕದ ಮನೆಯ ಲವೀನಾ ಕ್ರಿಸ್ಮಸ್ಸಿನ ಕುಲ್ಕುಲ್ ಕರಿಯಲು ಶುರುಮಾಡಿದಳೆಂದರೆ ನಾನು ಕ್ಯಾಲೆಂಡರ್ ನೋಡಬೇಕಾಗಿಲ್ಲ. ತೆಂಗಿನಹಾಲು ಹಾಕಿ ನಾದಿದ ಹಿಟ್ಟು ಬಿಸಿ ಎಣ್ಣೆಗೆ ಬಿದ್ದಾಗ ಏಳುವ ಆ ಸಿಹಿ ವಾಸನೆ ನಮ್ಮ ಅಡುಗೆಮನೆಯ ಕಿಟಕಿಯ ಜಾಲರಿ ದಾಟಿ, ಒಲೆಯ ಮೇಲಿನ ಮೀನುಸಾರಿನ ವಾಸನೆಯೊಂದಿಗೆ ಹೇಗೋ ಹೊಂದಿಕೊಂಡು ಒಳಗೆ ಬರುತ್ತದೆ. ಮೊನ್ನೆ ಹಾಗೆ ಬಂದ ಹೊತ್ತಿಗೇ ಫೋನು ಟಿಣ್ ಎಂದಿತು. ನಮ್ಮ ‘ಏಳು ಗಂಟೆ’ ವಾಟ್ಸ್ಯಾಪ್ ಗುಂಪಿಗೆ ಈ ವರ್ಷವಷ್ಟೇ ಸೇರಿದ ಪ್ರತಿಭಾ ಎಂಬ ಹುಡುಗಿ ಕೇಳಿದ್ದಳು: “ಶಾಲಿನಿ ಆಂಟಿ, ಹಳೇ ಉಡುಗೊರೆ ಕತೆಗಳು ರಾಶಿ ಇವೆ. ನಾನು ಮೊದಲು ಯಾವುದು ಓದಲಿ? ನಿಮಗೆ ಇಷ್ಟವಾದದ್ದು ಹೇಳಿ.”

ಮೂರು ಹೆಸರು ಟೈಪ್ ಮಾಡಿ ಕಳಿಸಿ ಕುಕ್ಕರ್ ಇಳಿಸಿದರಾಯಿತು ಅಂದುಕೊಂಡೆ. ಆದರೆ ಮೊದಲ ಹೆಸರು ಬರೆಯುವಾಗಲೇ ಆ ಡಿಸೆಂಬರ್ ಪೂರ್ತಿಯಾಗಿ ಎದುರು ಬಂದು ಕೂತಿತು. ಕಾಳಿ ನದಿಯ ಹಳೆಯ ಸೇತುವೆ ಇನ್ನೂ ನಿಂತಿದ್ದ ಕಾಲ. ನಾವು ಮೊದಲ ಸಲ ಕತೆಗಳನ್ನು ಒಬ್ಬರಿಗೊಬ್ಬರು ಉಡುಗೊರೆ ಕೊಟ್ಟ ವರ್ಷ.

ನಮ್ಮ ಗುಂಪಿನ ಹೆಸರು ಬಂದದ್ದು ಸಂಜೆ ಏಳಕ್ಕೆ ಬರುತ್ತಿದ್ದ ಒಂದು ಧಾರಾವಾಹಿಯಿಂದ. ಮೈಸೂರಿನ ಒಂದು ದೊಡ್ಡ ಬಂಗಲೆ. ಸೊಸೆ ಚಂದ್ರಕಲಾ, ಅವಳ ಗಂಡ ಶಶಿಧರ, ಕಣ್ಣಲ್ಲೇ ಎಲ್ಲರನ್ನೂ ಹುರಿದುಬಿಡುವ ಅತ್ತೆ ರಾಜಮ್ಮ. ಕಾರವಾರ, ಅಂಕೋಲೆಗಳಲ್ಲಿ ಹರಡಿಕೊಂಡಿದ್ದ ನಾವು ಕಾನ್ವೆಂಟಿನ ಹಳೆಯ ಗೆಳತಿಯರು, ಮತ್ತೆ ಅವರ ಮೂಲಕ ಬಂದ ಇನ್ನಷ್ಟು ಜನ, ಧಾರಾವಾಹಿ ಮುಗಿದ ಕೂಡಲೇ ಫೋನು ಹಿಡಿದು ಅತ್ತೆಯನ್ನು ಬೈಯುತ್ತಿದ್ದೆವು. ಆ ವರ್ಷ ದೀಪಾವಳಿಯ ನಂತರ ಒಂದು ಶುಕ್ರವಾರ, ಯಾವ ಗಂಟನ್ನೂ ಬಿಡಿಸದೆ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೈಮುಗಿಸಿ, ಧಾರಾವಾಹಿಯನ್ನು ಮುಗಿಸಿಯೇಬಿಟ್ಟರು. ಅಂಕೋಲೆಯ ನಾಗವೇಣಿಯ ಧ್ವನಿಸಂದೇಶ ಬಂತು. ಅವಳ ಗಂಡ, ಮೈದುನರೆಲ್ಲ ದೋಣಿ ಹೂಡಿ ಮೀನಿಗೆ ಹೋಗುವವರು. ಅವಳು ಅಂಗಳದಲ್ಲಿ ಮೀನು ಒಣಗಿಸುತ್ತಲೇ ಮಾತಾಡುತ್ತಾಳೆ, ಹಿಂದಿನಿಂದ ಕಾಗೆಗಳ ಗಲಾಟೆ. “ಇದೆಂತಾ ಕೆಲ್ಸನೇ? ಉಂಬೂಕೆ ಕುಂತವ್ರ ಮುಂದಿಂದ ಬಾಳೆ ಎಳ್ಕಂಡ್ ಹೋದಂಗಾಯ್ತು!”

ಆಗ ಲವೀನಾ ಉಪಾಯ ತೆಗೆದಳು. ನಮ್ಮ ಕಾನ್ವೆಂಟಿನಲ್ಲಿ ಡಿಸೆಂಬರ್ ಬಂದರೆ ಒಂದು ಬಿಸ್ಕಿಟ್ ಡಬ್ಬಿಯಲ್ಲಿ ಎಲ್ಲರ ಹೆಸರಿನ ಚೀಟಿ ಹಾಕಿ ಎತ್ತಿಸುತ್ತಿದ್ದರು. ಯಾರ ಹೆಸರು ಬರುತ್ತದೋ ಅವರಿಗೆ ನಮ್ಮ ಕೈಯಾರೆ ಮಾಡಿದ ಒಂದು ಉಡುಗೊರೆ ಕೊಡಬೇಕು. ಕೊಟ್ಟವರು ಯಾರೆಂದು ರಜೆಗೆ ಮುಂಚಿನ ಕೊನೆಯ ದಿನದವರೆಗೆ ಗುಟ್ಟು. ಮತ್ತೆ ಸಿಸ್ಟರ್ ಅವರ ಕಟ್ಟುನಿಟ್ಟಿನ ಒಂದು ನಿಯಮ: ಬಂದ ಚೀಟಿಯನ್ನು ಬದಲಾಯಿಸುವಂತಿಲ್ಲ. ದೇವರು ಕೊಟ್ಟ ಹೆಸರನ್ನು ಬೇಡ ಎನ್ನುವುದಕ್ಕೆ ನೀವು ಯಾರು ಎಂದು ಕೇಳುತ್ತಿದ್ದರು.

“ಹಂಗೇ ಮಾಡುವಾ,” ಅಂದಳು ಲವೀನಾ, “ಆದ್ರೆ ಕರ್ಚೀಪು, ಸೋಪ್ ಡಬ್ಬಿ ಎಲ್ಲ ಬೇಡ. ಚಂದ್ರಕಲಂದು, ರಾಜಮ್ಮಂದು ನಮ್ಮದೇ ಕತೆ ಬರ್ದು ಕೊಡುವಾ. ಅವ್ರು ಮುಗಿಸ್ಲಿಲ್ಲ, ನಾವು ಮುಗಿಸುವಾ.”

“ನಮಗೆ ಕತೆ ಬರೆಯೂಕೆ ಬತ್ತದೇನೆ?” ಅಂದೆ ನಾನು.

“ಅಗೋ ಶಾಲೂ, ಪೇಟೆಗೆ ಹೋಗಿ ಬಂದದ್ದನ್ನ ಒಂದು ತಾಸು ಹೇಳ್ತಿ ನೀನು. ಅದಕ್ಕಿಂತ ಉದ್ದ ಏನ್ ಬೇಕಾಗಿಲ್ಲ.”

ಪ್ರತಿಯೊಬ್ಬರೂ ತಮ್ಮ ಬೇಕು-ಬೇಡಗಳನ್ನು ಮೊದಲೇ ತಿಳಿಸಬೇಕೆಂದು ಅವಳೇ ಗೊತ್ತುಮಾಡಿದಳು. ಅದನ್ನು ಓದುವುದೇ ಒಂದು ಸುಖವಾಗಿತ್ತು. ನಾಗವೇಣಿಯದು: “ಬೇಕು, ರಾಜಮ್ಮನ ಸೊಕ್ಕು ಇಳಿಬೇಕು. ಬೇಡ, ಯಾರೂ ಸಮುದ್ರದಲ್ಲಿ ಮುಳುಗೂಕಾಗ.” ಅದರ ಎರಡನೇ ಭಾಗಕ್ಕೆ ಯಾರೂ ತಮಾಷೆ ಮಾಡಲಿಲ್ಲ. ನನ್ನದು: “ಯಾರೂ ಅಳಬಾರದು.” ಎಲ್ಲರದ್ದೂ ಬಂದ ಮೇಲೆ ಮೀರಾಳದು ಬಂತು. “ಬೇಕು: ವಿಮಲಾ ಎಲ್ಲಿಗೆ ಹೋದಳು ಅಂತ ತಿಳಿಯಬೇಕು. ಬೇಡ: ಅವಳು ಸತ್ತಳು ಅಂತ ಬರೆಯಬೇಡಿ.”

ವಿಮಲಾ ಅಂದರೆ ಚಂದ್ರಕಲಾಳ ತಂಗಿ. ಅಕ್ಕನ ಮನೆಗೆ ಬಂದು ಉಳಿದವಳು, ಒಂದು ಸಂಜೆ “ಹೊದಿಕೆ ತರುತ್ತೇನಕ್ಕ” ಎಂದು ಮಹಡಿ ಹತ್ತಿ ಹೋದಳು. ಮತ್ತೆ ಇಳಿದು ಬರಲೇ ಇಲ್ಲ. ಆ ನಟಿ ಬಿಟ್ಟಿದ್ದಿರಬೇಕು. ಆ ಮನೆಯಲ್ಲಿ ಯಾರೂ ಅವಳ ಹೆಸರು ಎತ್ತಲಿಲ್ಲ; ತಂಗಿಯೊಬ್ಬಳು ಇದ್ದಳೆಂಬುದನ್ನೇ ಚಂದ್ರಕಲಾ ಮರೆತಳು.

ಮೀರಾಳ ಈ ಬೇಡಿಕೆ ಓದಿ ನಾನು ಫೋನನ್ನು ಮಗುಚಿ ಇಟ್ಟೆ. ಯಾಕೆಂದರೆ ಮೀರಾಳಿಗೂ ಒಬ್ಬ ತಂಗಿ ಇದ್ದಳು. ಅದೇ ಗುಂಪಿನಲ್ಲೇ ಇದ್ದಳು.

ಮೀರಾ ನನ್ನ ತರಗತಿಯವಳು, ಸುಮಾ ನಮಗಿಂತ ಕಿರಿಯಳು. ಇಬ್ಬರೂ ಕಡಲಂಚಿನ ಚೆಂಡಿಯಾದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದರು. ಮುಚ್ಚಳ ಸುಮಾಳದ್ದು, ಡಬ್ಬಿ ಮೀರಾಳದ್ದು. ಆಮೇಲೆ ಅಲ್ಲಿಯ ಜಾಗ ನೌಕಾನೆಲೆಗೆ ಹೋಯಿತು. ಜನ ತಮ್ಮ ಮನೆಗಳನ್ನು ತಾವೇ ಬಿಚ್ಚಿಕೊಂಡರು. ಬಾಗಿಲು, ಮಾಡಿನ ಪಕಾಸಿ, ಹಂಚು ಎಲ್ಲವನ್ನೂ ಲಾರಿಗೆ ಹೇರಿ ಹೊಸ ಜಾಗಕ್ಕೆ ಸಾಗಿಸಿದರು. ಆ ಹೊತ್ತಿಗೆ ಸುಮಾ ಅಂಕೋಲೆಯ ಬಾಳೆಗುಳಿ ಹತ್ತಿರದ ಗಂಡನ ಮನೆಯಲ್ಲಿ ಹಸಿ ಬಾಣಂತಿ. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕಿತ್ತು; ಅಮ್ಮನಿಗೆ ಹುಷಾರಿಲ್ಲ ಎಂದಷ್ಟೇ ಅವಳಿಗೆ ಹೇಳಿದ್ದರು. ಕೂಸು ಎತ್ತಿಕೊಂಡು ತವರಿಗೆ ಬಂದು ಇಳಿದರೆ ಮನೆಯೇ ಇಲ್ಲ. ತುಳಸಿಕಟ್ಟೆ ಮಾತ್ರ ಇತ್ತು.

“ಒಂದು ಸಲ ನೋಡೂಕಾದ್ರೂ ಕರೀಲಿಲ್ಲ ನನ್ನ. ಕೊಟ್ಟ ಹೆಣ್ಣು ಅಲ್ದಾ, ಅವ್ಳಿಗೆ ಯಾಕೆ ಅಂತ?” ಎಂದು ಅಕ್ಕನನ್ನು ಎಲ್ಲರೆದುರು ಕೇಳಿದಳಂತೆ. ಮೀರಾ ಬಾಯಿ ಬಿಡಲಿಲ್ಲ. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ. ತಾಯಿ ತೀರಿಕೊಂಡಾಗ ಆಚೆ ಒಬ್ಬಳು, ಈಚೆ ಒಬ್ಬಳು ಕೂತಿದ್ದನ್ನು ನಾನೇ ನೋಡಿದ್ದೇನೆ. ನಮ್ಮ ಗುಂಪಿನಲ್ಲೂ ಹಾಗೆಯೇ. ಒಬ್ಬಳ ಶುಭೋದಯದ ಕೆಳಗೆ ಇನ್ನೊಬ್ಬಳದ್ದು ಬೀಳುತ್ತಿರಲಿಲ್ಲ. ನಡುವೆ ಯಾರದಾದರೂ ಒಂದು ಹೂವಿನ ಚಿತ್ರ ಬರುವವರೆಗೆ ಕಾಯುತ್ತಿದ್ದರು. ಗುಂಪು ಬಿಟ್ಟುಹೋಗಲು ಮಾತ್ರ ಇಬ್ಬರೂ ತಯಾರಿರಲಿಲ್ಲ.

ಚೀಟಿ ಎತ್ತಿದ ಮರುದಿನ ಸುಮಾಳ ಫೋನು.

“ಶಾಲಿನಿಯಕ್ಕ, ನಂಗೆ ಅವಳ ಹೆಸರು ಬಂದದೆ.”

“ಯಾರದ್ದೇ?”

“ಇನ್ಯಾರದ್ದು? ಲವೀನಕ್ಕಂಗೆ ಹೇಳಿ ಬದಲ್ ಮಾಡ್ಸು. ನಾ ಹೇಳಿದ್ರೆ ಕೇಳುದಿಲ್ಲ ಅದು.”

ನಾನು ಹಿತ್ತಲಿಗೆ ಹೋಗಿ ಬೇಲಿಯಾಚೆ ಲವೀನಾಳನ್ನು ಕರೆದು, ಇದು ನಿನ್ನದೇ ಕಿತಾಪತಿಯಾ ಎಂದು ಕೇಳಿದೆ. ಅವಳ ಕೈತುಂಬ ಹಿಟ್ಟು. “ನಾ ಕಣ್ಣು ಮುಚ್ಚಿ ಎತ್ತಿದ್ದು ಮಾರಾಯ್ತಿ. ಕಳೆದದ್ದನ್ನ ಹುಡುಕಿ ಕೊಡೂಕೆ ಸಂತ ಅಂತೋನಿ ಇದ್ದಾರಲ್ಲ, ಅವರನ್ನ ಕೇಳು. ಬದಲಿ ಇಲ್ಲ. ಸಿಸ್ಟರ್ ಮೇಲಿಂದ ನೋಡ್ತಿದ್ರೆ?”

ಸುಮಾಳಿಗೆ ಹಾಗೇ ಹೇಳಿದೆ. ಆಚೆಯಿಂದ ಹೆದ್ದಾರಿಯ ಲಾರಿಗಳ ಸದ್ದು ಕೇಳುತ್ತಿತ್ತು. “ಬರೀತೆ,” ಅಂದಳು ಕೊನೆಗೆ, “ಆದ್ರೆ ನನ್ನ ಹೆಸರು ಹೇಳೂಕಾಗ.”

ಆ ಡಿಸೆಂಬರಿನ ಬೆಳಗುಗಳು ನನಗೆ ಚೆನ್ನಾಗಿ ನೆನಪಿವೆ. ಗಾಳಿ ನೆಲದ ಕಡೆಯಿಂದ ಬೀಸುವ ತಂಪಿನ ದಿನಗಳು. ಕಾಳಿಯ ಅಳಿವೆಯ ಮೇಲೆ ಮಂಜು ಹತ್ತಿಯ ಹಾಗೆ ಕೂತಿರುತ್ತಿತ್ತು, ಸೇತುವೆಯ ಮೇಲೆ ಹೋಗುವ ಬಸ್ಸು ಅರ್ಧ ಮಾತ್ರ ಕಾಣುತ್ತಿತ್ತು. ಗಂಡ ಆಫೀಸಿಗೆ ಹೋದ ಮೇಲೆ ನಾನು ಊಟದ ಮೇಜಿನ ಮೇಲೆ ಹಾಳೆ ಹರಡಿ ಕೂರುತ್ತಿದ್ದೆ. ಹಣಕೋಣದ ವತ್ಸಲಾ ನನ್ನ ಪಾಲಿಗೆ ಬಂದಿದ್ದಳು, ಅವಳಿಗೆ ಪ್ರೇಮಕತೆ ಬೇಕಿತ್ತು, “ಆದರೆ ಮಗಳು ಓದಿದರೂ ನಡೆಯುವಂಥದ್ದು.” ನಾನು ಚಂದ್ರಕಲಾ, ಶಶಿಧರರಿಗೆ ಒಂದು ಛತ್ರಿ ಕೊಟ್ಟು ಮಳೆಯಲ್ಲಿ ನಿಲ್ಲಿಸಿದೆ. ಮಳೆ ನಿಂತರೂ ಅವರಿಗೆ ಏನು ಮಾತಾಡಬೇಕೆಂದು ನನಗೆ ತೋಚಲಿಲ್ಲ. ಪ್ರತಿಭಾ, ಅದನ್ನು ನೀನು ಓದುವುದು ಬೇಡ.

ಮೊದಲು ಓದಬೇಕಾದ್ದು ನಾಗವೇಣಿಗೆ ಬಂದ ‘ರಾಜಮ್ಮನ ರಜೆ’. ಗೋಕರ್ಣಕ್ಕೆ ಹೊರಟ ರಾಜಮ್ಮ ರೈಲಿನಲ್ಲಿ ನಿದ್ದೆಹೋಗಿ, ಕಾರವಾರದಲ್ಲಿ ಇಳಿದು, ದಾರಿ ತಪ್ಪಿ ಮೀನುಪೇಟೆಗೆ ಬರುತ್ತಾಳೆ. ಕಣ್ಣು ಕೆಂಪು ಮಾಡಿ ನೋಡುತ್ತಾಳೆ, ಯಾರೂ ಹೆದರುವುದಿಲ್ಲ. ಜರಿ ಸೀರೆಯ ಅಂಚು ಮೀನಿನ ನೀರಿನಲ್ಲಿ ನೆನೆದಾಗ ಯಾರೋ ಒಬ್ಬಳು ತನ್ನ ಹೂವಿನ ಸೀರೆ ಕೊಟ್ಟು, ಮಣೆ ಸರಿಸಿ, “ಕುಂತ್ಕಳೆ ಬಾಯಿ, ಯಾಕೆ ನಿಂತು ಕಾಲು ನೋಯಿಸ್ಕಂತಿ” ಅನ್ನುತ್ತಾಳೆ. ಸಂಜೆಯ ಹೊತ್ತಿಗೆ ರಾಜಮ್ಮ ಬಾಂಗಡೆಯ ಬುಟ್ಟಿಯ ಹಿಂದೆ ಕೂತು ಗಿರಾಕಿಗಳನ್ನು ಕೂಗುತ್ತಿರುತ್ತಾಳೆ. ತನಗೆ ಯಾರೂ ಹೆದರದ ಒಂದು ದಿನ ಅವಳ ಬಾಳಿನಲ್ಲಿ ಅದೇ ಮೊದಲನೆಯದು. ಬರೆದವರು ಯಾರೆಂಬ ಗುಟ್ಟು ಮಾತ್ರ ಅರ್ಧ ತಾಸೂ ಉಳಿಯಲಿಲ್ಲ. ಮೈಸೂರಿನ ಮಡಿಯ ರಾಜಮ್ಮ ಪೇಟೆಯ ಮೆಟ್ಟಿಲಲ್ಲಿ ಕಾಲು ಜಾರಿದಾಗ “ಜೇಜೂ!” ಎಂದು ಯೇಸುವನ್ನು ಕೂಗಿಬಿಟ್ಟಿದ್ದಳು. “ಲವೀನಕ್ಕ, ರಾಜಮ್ಮಂಗೆ ಯಾವಾಗ ಇಗರ್ಜಿಗೆ ಕರ್ಕಂಡ್ ಹೋದ್ರಿ?” ಎಂದು ನಾಗವೇಣಿ ನಕ್ಕ ನಗು ಈಗಲೂ ನನ್ನ ಫೋನಿನಲ್ಲಿದೆ.

ಎರಡನೆಯದು ನನಗೆ ಬಂದದ್ದು, ‘ಚಂದ್ರಕಲಾ ಮಲಗಿದಳು’. ಕತೆಯಲ್ಲಿ ಬೇರೇನೂ ಆಗುವುದಿಲ್ಲ. ಒಂದು ಮಂಗಳವಾರ ಚಂದ್ರಕಲಾ ಏಳುವುದಿಲ್ಲ, ಅಷ್ಟೇ. ಜ್ವರವಲ್ಲ, ಮುನಿಸಲ್ಲ, ನಿದ್ದೆ. ಹಾಲು ಉಕ್ಕುತ್ತದೆ, ಬೇರೆ ಯಾರೋ ಒರೆಸುತ್ತಾರೆ. ಬಿಸಿಲು ಅವಳ ಕಾಲಿನಿಂದ ಮೊಣಕಾಲಿಗೆ, ಮೊಣಕಾಲಿನಿಂದ ಕೈಗೆ ಏರುತ್ತದೆ. ಕೈ ಮುಖಕ್ಕೆ ಅಡ್ಡ ಹಿಡಿದು ಮತ್ತೊಂದು ಮಗ್ಗುಲಾಗುತ್ತಾಳೆ. ಅದನ್ನು ಬರೆದವಳು ನಾಗವೇಣಿ. ಕೋಳಿ ಕೂಗುವ ಮೊದಲೇ ಎದ್ದು ದೋಣಿ ಬರುವ ದಾರಿ ಕಾಯುವ ಹೆಂಗಸು ಆ ನಿದ್ದೆಯನ್ನು ಎಲ್ಲಿಂದ ತಂದಳೋ. ನಾನು ಕೇಳಿದ್ದು ಯಾರೂ ಅಳಬಾರದು ಅಂತ. ಓದುವಾಗ ಅತ್ತವಳು ನಾನೊಬ್ಬಳೇ.

ಕ್ರಿಸ್ಮಸ್ಸಿನ ಬೆಳಿಗ್ಗೆ ಲವೀನಾ ಉಳಿದ ಕತೆಗಳನ್ನೂ ಗುಂಪಿಗೆ ಹಾಕಿದಳು. ಮೂರನೆಯದು ಅದರಲ್ಲಿ ಮೀರಾಳಿಗೆ ಬಂದದ್ದು, ‘ಮಹಡಿಯ ಮೇಲೆ’. ನಾನು ಅದನ್ನು ಗ್ಯಾಸ್ ಆರಿಸಿ ನಿಂತು ಓದಿದೆ.

ವಿಮಲಾ ಹೊದಿಕೆ ತರಲು ಮೇಲೆ ಹೋಗುತ್ತಾಳೆ. ಮೇಲೆ ಚಾಪೆಯ ತುಂಬ ಮುರುಗಲು ಹಣ್ಣಿನ ಸಿಪ್ಪೆ ಒಣಗಲು ಹರವಿದೆ, ಹಂಚುಗಳ ನಡುವಿನ ಒಂದು ಗಾಜಿನ ಹಂಚಿನಿಂದ ಬಿಸಿಲಿನ ಚೌಕ ಕೆಳಗೆ ಬಿದ್ದಿದೆ. ಕೆಳಗೆ ಎಲ್ಲರೂ ಏನೋ ಪಿಸುಮಾತಾಡುತ್ತಿದ್ದಾರೆ. ತಾನು ಇಳಿದರೆ ಮಾತು ನಿಲ್ಲುತ್ತದೆಂದು ಅವಳಿಗೆ ಗೊತ್ತು. ಯಾರಾದರೂ ಹೆಸರು ಹಿಡಿದು ಕರೆದರೆ ಇಳಿಯೋಣವೆಂದು ಹೊದಿಕೆಯನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಾಳೆ. ಸಮುದ್ರದ ಸದ್ದು ಕೇಳುತ್ತಾ ಕೂರುತ್ತಾಳೆ. ಕೆಳಗೆ ಹಬ್ಬಗಳಾಗುತ್ತವೆ, ಜಗಳಗಳಾಗುತ್ತವೆ, ಸಂಚಿಕೆಗಳು ಕಳೆಯುತ್ತವೆ. ಹೊದಿಕೆಯನ್ನು ಅವಳು ಬಿಚ್ಚಿ ಮತ್ತೆ ಮಡಿಸುತ್ತಾಳೆ. ಕೊನೆಗೆ ಒಂದು ಸಂಜೆ ಚಂದ್ರಕಲಾ ಬಂದು ಮೆಟ್ಟಿಲ ಬುಡದಲ್ಲಿ ನಿಲ್ಲುತ್ತಾಳೆ. ಕತೆ ಅಲ್ಲಿಗೆ ನಿಂತಿತ್ತು. ಅಕ್ಕ ಕರೆದಳೇ ಇಲ್ಲವೇ ಬರೆದಿರಲಿಲ್ಲ.

ಗುಂಪಿನಲ್ಲಿ ಎಲ್ಲರೂ ಚಂದ ಚಂದ ಎಂದರು. ನಾಗವೇಣಿ ಮಾತ್ರ ಸುಮ್ಮನಿರುವವಳಲ್ಲ. “ಕತೆ ಲಾಯಕ್ಕದೆ. ಆದ್ರೆ ಮೈಸೂರಲ್ಲಿ ಸಮುದ್ರ ಎಲ್ಲಿಂದ ಬಂತನೆ?”

ಮೀರಾ ಊಟದ ಹೊತ್ತು ಕಳೆದ ಮೇಲೆ ಉತ್ತರಿಸಿದಳು. “ಬಂದ್ರೆ ಬರ್ಲಿ. ಆ ಮನೆಗೆ ಸಮುದ್ರ ಇತ್ತು.” ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು: “ಬರೆದವರು ಯಾರೇ ಇರಲಿ, ಇಷ್ಟು ಚಂದದ ಕತೆ ನಾನು ಓದಿಲ್ಲ. ಅವರಿಗೆ ನನ್ನ ಕೈಯಾರೆ ಹೂವಿನ ದಂಡೆ ಮುಡಿಸಬೇಕು.” ಸಂಜೆ ಮತ್ತೊಂದು, ಮರುದಿನ ಇನ್ನೊಂದು. ಆ ಗಾಜಿನ ಹಂಚಿನ ಬಗ್ಗೆ, ಮುರುಗಲಿನ ವಾಸನೆಯ ಬಗ್ಗೆ. ಗುಂಪಿನಲ್ಲಿ ಎಂದೂ ಒಂದು ಸಾಲಿಗಿಂತ ಹೆಚ್ಚು ಬರೆಯದವಳು.

ಸುಮಾ ಹೆದರಿದಳು. “ನೋಡು ಶಾಲಿನಿಯಕ್ಕ, ಅವಳಿಗೆ ಗುತ್ತಿಲ್ದೇ ಹೊಗಳ್ತಿದ್ದಾಳೆ. ನಾನು ಅಂತ ಗುತ್ತಾದ್ರೆ ಎಲ್ಲರ ಎದುರು ಅವಳ ಮುಖ ಏನಾಗ್ಬೇಕು? ಇದ್ದದ್ದೂ ಹೋಗ್ತದೆ. ನಾ ಬರುದಿಲ್ಲ.”

ಹೆಸರು ಬಿಚ್ಚುವ ದಿನವನ್ನು ಹೊಸವರ್ಷಕ್ಕೆ ಮುಂಚೆ, ಅಂಕೋಲೆಯಲ್ಲಿ ನಾಗವೇಣಿಯ ಮನೆಯಂಗಳದಲ್ಲಿ ಇಟ್ಟಿದ್ದೆವು. ಕಾರವಾರದಿಂದ ನಾನು, ಲವೀನಾ, ಮೀರಾ ಬಸ್ಸಿನಲ್ಲಿ ಹೋದೆವು. ಮೀರಾಳ ಮಡಿಲಲ್ಲಿ ಬಾಳೆಲೆಯ ಪೊಟ್ಟಣ. ಬೆಳಿಗ್ಗೆ ಎದ್ದು ತಾನೇ ಕಟ್ಟಿದ ಅಬ್ಬಲಿಗೆಯ ದಂಡೆ. ದಾರಿಯುದ್ದಕ್ಕೂ ಅದರ ಮೇಲೆ ಬಾಟಲಿಯ ನೀರು ಚಿಮುಕಿಸುತ್ತಿದ್ದಳು. ಯಾರಿಗೆ ಮುಡಿಸಬೇಕೆಂದು ಅವಳಿಗೆ ಗೊತ್ತಿಲ್ಲ, ಮುಡಿಯಬೇಕಾದವಳು ಬರುವುದಿಲ್ಲ. ಎರಡೂ ಗೊತ್ತಿದ್ದ ನಾನು ಕಿಟಕಿಯಾಚೆ ನೋಡುತ್ತ ಕೂತೆ.

ಅಂಗಳದಲ್ಲಿ ಒಣಮೀನನ್ನು ಒತ್ತಟ್ಟಿಗೆ ಸರಿಸಿ ಕಂಬಳಿ ಹಾಸಿದ್ದರು. ಒಬ್ಬೊಬ್ಬರ ಹೆಸರು ಬಂದಂತೆ ನಗು, ಚಪ್ಪಾಳೆ, ತಲೆಗೆ ಹೂವು. ನಡುವೆ ಗೇಟಿನ ಹತ್ತಿರ ಆಟೋ ನಿಂತಿತು. ಸುಮಾ ಇಳಿದಳು. ಬರುವುದಿಲ್ಲ ಎಂದವಳು ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದಿದ್ದಳು. ಒಳಗೆ ಬರದೆ ತೆಂಗಿನ ಮರದ ಹತ್ತಿರವೇ ನಿಂತಳು. ಲವೀನಾ ಬಾಯಿ ತೆರೆಯುವ ಮೊದಲೇ ಮೀರಾ ಪೊಟ್ಟಣ ಹಿಡಿದು ಎದ್ದಳು.

“ಯೇ ಗೊ,” ಅಂದಳು ಕೊಂಕಣಿಯಲ್ಲಿ. “ಬಾರೆ ಇಲ್ಲಿ. ಹೂವು ಬಾಡ್ತದೆ.”

ಸುಮಾ ನನ್ನ ಕಡೆ ನೋಡಿದಳು. “ಶಾಲಿನಿಯಕ್ಕ ಹೇಳಿದ್ಳಾ?”

“ಯಾರು ಹೇಳೂಕೆ ಬೇಕು? ನಮ್ಮನೆ ಗಾಜಿನ ಹಂಚು ಓದಿದ ಕೂಡಲೇ ಗುತ್ತಾಯ್ತು. ಗುತ್ತಿದ್ದೇ ಹೊಗಳಿದ್ದು ನಾನು. ಮತ್ತೆಂತಾ ಮಾಡುದು? ಫೋನು ಮಾಡಿದ್ರೆ ನೀ ಎತ್ತುದಿಲ್ಲ.”

“ಎತ್ತುದಿಲ್ಲ ಅಂತ ನಿಂಗೆ ಹೆಂಗೆ ಗೊತ್ತು? ನೀ ಒಂದ್ ಸಲನೂ ಮಾಡ್ಲಿಲ್ಲ. ಆವತ್ತೂ ಕರೀಲಿಲ್ಲ, ಆಮೇಲೂ ಕರೀಲಿಲ್ಲ.”

ಮೀರಾ ದಂಡೆಯನ್ನು ಎಲೆಯಿಂದ ತೆಗೆದು ಮತ್ತೆ ಎಲೆಯ ಮೇಲಿಟ್ಟಳು.

“ಕರೀಲಿಕ್ಕೆ ಬಂದಿದ್ದೆ. ನಿಮ್ಮನೆ ಜಗಲಿಯವರೆಗೆ ಬಂದಿದ್ದೆ. ನಿನ್ ಅತ್ತೆ ನನ್ನ ಕೈ ಹಿಡ್ಕಂಡ್ರು. ಹಸಿ ಬಾಣಂತಿ, ತವರುಮನೆ ಬಿಚ್ತಾ ಇದ್ದಾರೆ ಅಂತ ಕೇಳಿದ್ರೆ ಎದೆಹಾಲು ಬತ್ತಿ ಹೋಗ್ತದೆ, ಕೂಸಿನ ಗತಿ ಏನು, ಹೇಳ್ಬೇಡ ಅಂದ್ರು. ತುಳಸಿ ಮುಟ್ಸಿ ಆಣೆ ಮಾಡ್ಸಿದ್ರು. ನೀ ಒಳಗೆ ಕೂಸಿಗೆ ಹಾಡು ಹೇಳ್ತಿದ್ದಿ. ಕೇಳ್ತಾ ನಿಂತಿದ್ದು ವಾಪಸ್ ಹೋದೆ.”

“ಆಮೇಲೆ ಹೇಳ್ಬಹುದಿತ್ತಲ್ಲ!”

“ಹೇಳಿದ್ರೆ ನೀ ಅತ್ತೆ ಹತ್ರ ಮಾತು ಬಿಡ್ತಿದ್ದಿ. ನೀ ಬಾಳ್ವೆ ಮಾಡ್ಬೇಕಾದ್ದು ಆ ಮನೇಲಿ. ನನ್ನ ಹತ್ರ ಬಿಟ್ರೆ ಅಡ್ಡಿಲ್ಲ ಅಂದ್ಕಂಡೆ. ಹೋದ ಮಳೆಗಾಲ ಅವ್ರು ಹೋದ್ರು. ಇನ್ನು ಹೇಳಿದ್ರೆ ಯಾರ ಮನೆನೂ ಒಡೆಯುದಿಲ್ಲ.”

ಸುಮಾ ತೆಂಗಿನ ಮರವನ್ನು ಹಿಡಿದುಕೊಂಡಳು. ಅವಳು ಮಾತಾಡಿದಾಗ ಸಿಟ್ಟು ಬೇರೆ ಕಡೆ ತಿರುಗಿತ್ತು, ಅಥವಾ ಎಲ್ಲಿಗೆ ತಿರುಗಬೇಕೆಂದು ತಿಳಿಯದೆ ನಿಂತಿತ್ತು. “ಪ್ರತೀ ಹಬ್ಬಕ್ಕೂ ಹೇಳ್ತಿದ್ರು ಅವ್ರು. ಅಕ್ಕನ ಹತ್ರ ಮಾತಾಡೆ, ಅಕ್ಕನ ಹತ್ರ ಮಾತಾಡೆ ಅಂತ. ಯಾಕೆ ಇವ್ರಿಗೆ ಇಷ್ಟು ಅಂತ ನಂಗೆ ಗುತ್ತಾಗ್ತಿರ್ಲಿಲ್ಲ. ಸಾಯುವ ಮುಂಚೆನೂ ಅದೇ ಹೇಳಿದ್ರು.”

ಇಬ್ಬರೂ ಅಪ್ಪಿಕೊಳ್ಳಲಿಲ್ಲ. ಮೀರಾ ಹತ್ತಿರ ಹೋಗಿ ಅವಳ ಭುಜ ಹಿಡಿದು ತಿರುಗಿಸಿ, ಶಾಲೆಗೆ ಹೊರಟ ಹುಡುಗಿಗೆ ಮುಡಿಸುವ ಹಾಗೆ, ಹಲ್ಲಿನಲ್ಲಿ ಪಿನ್ನು ಕಚ್ಚಿಕೊಂಡು ದಂಡೆ ಮುಡಿಸಿದಳು. “ಕೂದಲು ಎಷ್ಟು ಉದುರಿದೆ ನಿಂದು,” ಅಂದಳು. “ನಿಂದೇನು ಕಮ್ಮಿಯಾ?” ಅಂದಳು ಸುಮಾ. ನಾಗವೇಣಿ ಗಟ್ಟಿಯಾಗಿ ಮೂಗು ಒರೆಸಿಕೊಂಡು, “ಚಾ ತಣಿತದೆ, ಅಳುವವ್ರು ಕುಡ್ಕಂಡು ಅಳಿ,” ಎಂದಳು.

ಹೊರಡುವಾಗ ಅಂಕೋಲೆ ಬಸ್‌ಸ್ಟ್ಯಾಂಡಿಗೆ ಹೋಗಲು ಆಟೋ ಬಂತು. ನಾನು, ಲವೀನಾ ಹತ್ತಿ ಸರಿದು ಕೂತೆವು. ಮೀರಾ ಹತ್ತಲಿಲ್ಲ. ಸುಮಾಳ ಆಟೋದಿಂದ ತಲೆ ಹೊರಹಾಕಿ, “ನಾ ಬಾಳೆಗುಳಿಗೆ ಹೋಗ್ತೆ, ಶಾಲೂ. ಮನೇಲಿ ಹೇಳ್ಬಿಡು,” ಎಂದಳು. ಕತೆಯ ಕೊನೆ ಹಾಗೆ ಬಿಟ್ಟದ್ದು ಸರಿಯಲ್ಲ ಎಂದು ಅಷ್ಟರಲ್ಲೇ ಒಳಗೆ ಅಕ್ಕತಂಗಿಯರ ವಾದ ಶುರುವಾಗಿತ್ತು.

ಕಾರವಾರದ ಬಸ್‌ಸ್ಟ್ಯಾಂಡಿನಲ್ಲಿ ಮೀರಾಳ ಗಂಡ ಸ್ಕೂಟರಿನ ಮೇಲೆ ಕಾಯುತ್ತಿದ್ದರು. ಹೆಚ್ಚು ಮಾತಿಲ್ಲದ ಮನುಷ್ಯ. ನಮ್ಮಿಬ್ಬರ ಹಿಂದೆ ಯಾರೂ ಇಳಿಯದ್ದು ನೋಡಿ, “ಮೀರಾ ಎಲ್ಲಿ?” ಎಂದರು.

“ತಂಗಿ ಮನೇಲಿ ಉಳ್ಕಂಡ್ಳು.”

“ಯಾವ ತಂಗಿ?”

ಅವಳಿಗೆ ಇದ್ದವಳು ಒಬ್ಬಳೇ. ಹೆಸರು ಹೇಳಬೇಕಾಗಲಿಲ್ಲ. ಅವರು ಕನ್ನಡಕ ತೆಗೆದು ಅಂಗಿಯಂಚಿಗೆ ಒರೆಸಿದರು, ಬೆಳಕಿಗೆ ಹಿಡಿದು ನೋಡಿದರು, ಮತ್ತೊಮ್ಮೆ ಒರೆಸಿದರು.

“ಬಿ.ಪಿ. ಮಾತ್ರೆ ಒಯ್ಯಲಿಲ್ಲ ಅದು,” ಎಂದರು. “ನಾಳೆ ಮೊದಲ ಬಸ್ಸಿಗೆ ಕಂಡಕ್ಟರ್ ಹತ್ರ ಕೊಟ್ಟು ಕಳಿಸ್ತೆ. ಫೋನು ಮಾಡಿದ್ರೆ ಹೇಳಿ, ಗಡಿಬಿಡಿ ಮಾಡ್ಕಂಡು ಬರುದು ಬೇಡ ಅಂತ. ಮಾತ್ರೆಯ ಇಡೀ ಸ್ಟ್ರಿಪ್ಪನ್ನೇ ಕಳಿಸ್ತೆ.”